ಬಾಯಿಬಿಟ್ಟು ಹೇಳದ ನಂಬರು

ನನ್ನ ರಕ್ತದ ಒಂದು ನಂಬರನ್ನು ನಾನು ಒಂದೂವರೆ ವರ್ಷ ಕಣ್ಣೆತ್ತಿ ನೋಡಲಿಲ್ಲ. ನೋಡಬೇಡ ಎಂದು ಯಾರೂ ಹೇಳಿರಲಿಲ್ಲ. ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಓದಲು ಬರಲಿಲ್ಲ ಎಂಬ ನೆಪವೂ ನನಗಿಲ್ಲ, ಯಾಕೆಂದರೆ ನಾನು ಶಾಲೆಯ ಟೀಚರು. ಮರಾಠಿ ಸೀಮೆಯಲ್ಲಿ, ತುರೋರಿ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಹಾಜರಿ ಕೂಗಿ, ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಹಲಗೆಯ ಮೂಲೆಯಲ್ಲಿ ಬರೆಯುವುದು ನನ್ನ ಕೆಲಸ. ಇಂಥವಳು ತನ್ನದೇ ನಂಬರಿಗೆ ಹೆದರಿದಳು ಎಂದರೆ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕಾಯಿಲೆ ಶುರುವಾದದ್ದು ನಾಚಿಕೆಯಿಂದ. ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಇರಬೇಕು ಅಂದುಕೊಂಡೆ. ಉಮರ್ಗಾದ ಒಂದು ಗಲ್ಲಿಯಲ್ಲಿ ಮೂಲವ್ಯಾಧಿಗೆ ಪುಡಿ ಕೊಡುವವರಿದ್ದರು, ಬೋರ್ಡು ನೋಡಿಕೊಂಡು ಸೆರಗು ಮುಖಕ್ಕೆಳೆದು ಒಳಗೆ ಹೋದೆ. ಏಳು ತಿಂಗಳು ಆ ಪುಡಿಯನ್ನೇ ನೀರಿಗೆ ಹಾಕಿ ಕುಡಿದೆ. ಒಂದು ದಿನ ತರಗತಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಮೇಜು ಹಿಡಿದು ಕೂತಾಗ, ಇದು ಪುಡಿಯಿಂದ ಹೋಗುವ ಕಾಯಿಲೆಯಲ್ಲ ಎಂದು ಗೊತ್ತಾಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಎಂದರು. ಸೋಲಾಪುರದಲ್ಲಿ ಆಪರೇಷನ್ ಆಯಿತು. ಆಮೇಲೆ ಆರು ತಿಂಗಳು ಉದಗೀರಕ್ಕೆ ಹೋಗಿ ಕೀಮೋ ತಗೊಂಡೆ.

ನನ್ನ ಗಂಡ ರೇವಣಪ್ಪ ಕುರಿ ಸಾಕುವವರು, ಜೊತೆಗೆ ಮೂರು ಎಕರೆ ಹೊಲ ಮಾಡುವವರು. ನಾವು ಬೀರಪ್ಪನ ಒಕ್ಕಲು. ಸುದ್ದಿ ಕೇಳಿದ ದಿನ ಅತ್ತೆ ಅಳಲಿಲ್ಲ. ದೇವರ ಗೂಡಿನಿಂದ ಭಂಡಾರದ ಬಟ್ಟಲು ತಂದು, ಅರಿಶಿನ ನನ್ನ ಹಣೆಗೂ ಹಚ್ಚಿ ನಾಲಿಗೆ ಮೇಲೂ ಒಂದು ಚಿಟಿಕೆ ಇಟ್ಟು, ‘ನುಂಗು’ ಅಂದರು. ಅಂದಿನಿಂದ ಇಂದಿನವರೆಗೆ ಒಂದು ಬೆಳಗೂ ಅವರು ಅದನ್ನು ತಪ್ಪಿಸಿಲ್ಲ. ಗಂಡ ಮಾತ್ರ ಕುರಿಗಳ ಹತ್ತಿರ ಹೋಗಿ ಕೂತರು. ಆಗ ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಓದುವವರಿಗೆ ಮೊದಲೇ ತಿಳಿದಿರಲಿ.

ಕೀಮೋ ದಿನಗಳ ಬಗ್ಗೆ ಎರಡು ಮಾತು. ಆ ಔಷಧಿ ಮೈಗೆ ಹೋದ ಮೇಲೆ ತಣ್ಣನೆಯ ಏನನ್ನೂ ಮುಟ್ಟಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಬಸ್ಸಿನ ಕಬ್ಬಿಣದ ಸರಳು ಹಿಡಿದರೆ ಬೆರಳ ತುದಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಗಂಡ ತಮ್ಮ ಹಳೆಯ ಕಂಬಳಿಯನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು ನನಗೆ ಎರಡು ಕೈಗವಸು ಮಾಡಿಕೊಟ್ಟರು. ನೋಡಲು ಕರಡಿಯ ಕೈಯಂತಿದ್ದವು. ಅವನ್ನು ತೊಟ್ಟುಕೊಂಡು ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ ಹೀಗೆ ಬಸ್ಸು ಬದಲಿಸುತ್ತಾ ಹೋಗುತ್ತಿದ್ದೆ. ಮಗಳು ಭಾಗ್ಯಾಳನ್ನು ನಿಲಂಗಾಕ್ಕೆ ಕೊಟ್ಟಿದ್ದೇವೆ. ನಾವು ಬಸ್ಸು ಇಳಿಯುವ ಹೊತ್ತಿಗೆ ಅವಳು ಥರ್ಮಾಸಿನಲ್ಲಿ ಬಿಸಿ ಗಂಜಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಮುಂದಿನ ಬಸ್ಸು ಬರುವ ತನಕ ಅವಳ ಭುಜಕ್ಕೆ ಒರಗಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಆ ಗಂಜಿಯ ರುಚಿ ನನ್ನ ಬಾಯಲ್ಲಿ ಇನ್ನೂ ಇದೆ.

ಕೀಮೋ ಮುಗಿದ ದಿನ ಡಾಕ್ಟರಮ್ಮ ನನ್ನ ಕೈ ಹಿಡಿದು ಮರಾಠಿಯಲ್ಲಿ ಹೇಳಿದರು, ಇನ್ನು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಅದರಲ್ಲಿ ಸಿಇಎ ಅಂತ ಒಂದು ನಂಬರು ಬರುತ್ತದೆ, ಕಾಯಿಲೆ ಹೊರಳಿ ಬರುವುದಿದ್ದರೆ ಎಷ್ಟೋ ಸಲ ಅದು ಮೊದಲೇ ಸುಳಿವು ಕೊಡುತ್ತದೆ. ಪ್ರತಿ ಸಲ ರಿಪೋರ್ಟು ತಗೊಂಡು ಬನ್ನಿ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡೋಣ ಎಂದರು. ನಾನು ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು ‘ಹೊರಳಿ ಬರುವುದಿದ್ದರೆ’ ಎಂಬುದಷ್ಟೇ.

ಮೊದಲ ಸಲ ಉಮರ್ಗಾದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಶಾಲೆಯಲ್ಲಿ ಮೂರರ ಮಗ್ಗಿ ಹೇಳಿಸುತ್ತಾ ನಡುವೆ ತಪ್ಪಿದೆ, ಮಕ್ಕಳು ಮುಖ ಮುಖ ನೋಡಿಕೊಂಡರು. ರಿಪೋರ್ಟು ಗಂಡನ ಮೊಬೈಲಿಗೆ ಬರಲಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಇಷ್ಟಕ್ಕೆಲ್ಲ ಮೂಲ ಆ ಉಪಾಯವೇ. ಅದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು.

ಮದುವೆಯಾಗಿ ಬಂದ ಮೊದಲ ವಾರ. ಸಂಜೆ ಕುರಿಗಳು ಹಟ್ಟಿಗೆ ಬರುತ್ತಿದ್ದವು. ನನ್ನ ತವರಿನಲ್ಲಿ ಹೊಲ ಇತ್ತು, ಎರಡು ಎತ್ತು ಇದ್ದವು, ಕುರಿ ಇರಲಿಲ್ಲ. ಹೊಸ ಹುರುಪಿನಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು ‘ಒಂದು, ಎರಡು, ಮೂರು’ ಎಂದು ಜೋರಾಗಿ ಎಣಿಸತೊಡಗಿದೆ. ಅತ್ತೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ಬಾಯಿ ಮುಚ್ಚಿದರು.

‘ಎಣಿಸಬ್ಯಾಡ ಯವ್ವಾ. ಲೆಕ್ಕ ಬಾಯಿಗಿ ಬಂತಂದ್ರ ತ್ವಾಳಕ್ಕ ಕೇಳಸ್ತದ.’

ತೋಳ ಕೇಳಿಸಿಕೊಂಡೀತೆಂದು ನಮ್ಮ ಮನೆಯಲ್ಲಿ ಕುರಿ ಎಷ್ಟಿವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಬಾಗಿಲಲ್ಲಿ ನಿಂತು, ಒಳಹೋಗುವ ಪ್ರತಿ ಕುರಿಯ ಬೆನ್ನಿನ ಮೇಲೆ ಅಂಗೈ ಸವರುತ್ತಾರೆ. ಕೊನೆಯದು ಹೋದ ಮೇಲೆ ಅತ್ತೆ ಒಳಗಿನಿಂದ ‘ಬರೋಬರ್ ಅವ ಏನೋ?’ ಎಂದು ಕೇಳುತ್ತಾರೆ, ಎಲ್ಲ ಸರಿಯಾಗಿವೆಯೇ ಎಂದು. ಇವರು ‘ಬರೋಬರ್ ಅವ’ ಎನ್ನುತ್ತಾರೆ. ಅಲ್ಲಿಗೆ ಆ ದಿನದ ಲೆಕ್ಕ ಮುಗಿಯಿತು. ಒಂದು ಬರದೇ ಉಳಿದಿದ್ದರೆ, ಅದು ಯಾವುದೆಂದು ಅವರ ಅಂಗೈಗೇ ಗೊತ್ತಾಗುತ್ತದೆ. ಸಂಖ್ಯೆ ಬೇಕಾಗುವುದಿಲ್ಲ.

ರಿಪೋರ್ಟು ಬರುವ ದಿನ ನಾನು ಅವರಿಗೆ ಹೇಳಿದೆ, ‘ನಂಬರ ನನಗ ಹೇಳಬ್ಯಾಡ್ರಿ. ನಿಮ್ಮ ಕುರಿ ಲೆಕ್ಕದಂಗ ಮಾಡ್ರಿ. ನೀವ ನೋಡಿ, ಬರೋಬರ್ ಇದ್ರ ಬರೋಬರ್ ಅದ ಅನ್ರಿ. ನನಗ ಅಷ್ಟ ಸಾಕು.’

‘ಬರೋಬರ್ ಇಲ್ದಿದ್ರ?’

‘ಆಗ ಸುಮ್ಮ ಇರ್ರಿ. ನನಗ ಗೊತ್ತಾಗ್ತದ.’

ಅವರು ಏಳನೆಯ ತರಗತಿಯವರೆಗೆ ಓದಿದವರು, ಅಂಕಿ ಚೆನ್ನಾಗಿ ಓದಲು ಬರುತ್ತದೆ. ರಿಪೋರ್ಟಿನ ಬಲತುದಿಯಲ್ಲಿ ಐದರೊಳಗೆ ಇದ್ದರೆ ಸರಿ ಎಂದು ಅಚ್ಚಾಗಿತ್ತು. ಸಂಜೆ ಮೊಬೈಲು ದೂರ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು, ‘ಬರೋಬರ್ ಅದ’ ಎಂದರು. ನಾನು ಆ ರಾತ್ರಿ ಎರಡು ರೊಟ್ಟಿ ತಿಂದೆ.

ಮೊದಲ ಎರಡು ಸಲ ರಿಪೋರ್ಟು ಬಂದ ಮೇಲೆ ಉದಗೀರಕ್ಕೆ ಹೋಗಿ ಡಾಕ್ಟರಮ್ಮನಿಗೂ ತೋರಿಸಿದೆವು. ಅಲ್ಲಿ ಕಾಯುವ ಕೋಣೆಯಲ್ಲಿ ಜಳಕೋಟದ ಒಬ್ಬ ಹೆಂಗಸು ನನಗೆ ಗೆಳತಿಯಾಗಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ನಾನು ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅವರದು ಎದೆಯ ಗಡ್ಡೆ. ತಮ್ಮ ರಿಪೋರ್ಟುಗಳನ್ನೆಲ್ಲ ಮೂಲೆಯಲ್ಲಿ ತೂತು ಮಾಡಿ, ಒಂದರ ಹಿಂದೊಂದು ಸುತಳಿಗೆ ಪೋಣಿಸಿ ತರುತ್ತಿದ್ದರು. ಕಿರಾಣಿ ಅಂಗಡಿಯ ಚೀಟಿಗಳ ಹಾಗೆ ಅದು ಅವರ ಮಡಿಲಲ್ಲಿ ಬಿದ್ದಿರುತ್ತಿತ್ತು. ಒಮ್ಮೆ ನನ್ನನ್ನು ಕೇಳಿದರು, ‘ನಿಮ್ಮವು ಎಲ್ಲ್ಯವರಿ?’

‘ಅವರ ಮೊಬೈಲನಾಗ ಅವ ಅಕ್ಕಾ.’

‘ಮೊಬೈಲನಾಗ ಒಂದರ ಮಗ್ಗಲಾಗ ಒಂದು ಇಟ್ಟು ನೋಡ್ಲಿಕ್ಕ ಬರ್ತದೇನು?’

‘ನೀವು ಕಾಗದಾ ಪೋಣಿಸಿ ಹಾರ ಮಾಡ್ಕೊಂಡೀರಿ, ಇನ್ನ ಕೊರಳಿಗಿ ಹಾಕ್ಕೊಳ್ಳದೊಂದ ಬಾಕಿ’ ಎಂದು ನಾನು ಕಾಡಿಸಿದೆ. ಅವರೂ ನಕ್ಕರು. ಹೀಗೆ ತಮಾಷೆ ಮಾಡಿ ಆ ಮಾತನ್ನು ತೇಲಿಸಿಬಿಟ್ಟೆ.

ಮೂರನೆಯ ಸಲ ‘ಬರೋಬರ್ ಅದ’ ಎಂದಾಗ, ಬರೋಬರ್ ಇದ್ದ ಮೇಲೆ ಅಷ್ಟು ದೂರ ಹೋಗುವುದೇಕೆ ಎಂದುಕೊಂಡೆವು. ಆಗ ಕುರಿಗಳಿಗೆ ಬಾಯಿಬೇನೆ ಬಂದಿತ್ತು, ಗಂಡನಿಗೆ ಬಿಟ್ಟುಬರಲು ಆಗುವಂತಿರಲಿಲ್ಲ. ನಾಲ್ಕನೆಯ ಸಲವೂ ಬರೋಬರ್. ಸ್ಕ್ಯಾನ್ ಮುಂದೂಡಿದೆವು. ಐದನೆಯದೂ ಬರೋಬರ್. ಸಂಕ್ರಾಂತಿಗೆ ಬಂದಿದ್ದ ಭಾಗ್ಯಾ ಊಟಕ್ಕೆ ಕೂತಾಗ, ‘ಯಪ್ಪಾ, ನಂಬರ ಎಷ್ಟ ಬಂದದ ಈ ಸಲ?’ ಎಂದು ಕೇಳಿದಳು. ಅವರು ಉತ್ತರಿಸುವ ಮೊದಲೇ ನಾನು ಅವಳ ತಟ್ಟೆಗೆ ಹೋಳಿಗೆ ಹಾಕಿ, ‘ಬರೋಬರ್ ಅದ ಅಂತಾರಲ್ಲ, ಉಣ್ಣು ಸುಮ್ಮ’ ಎಂದೆ. ಅವಳಿಗೆ ನಂಬರು ಹೇಳಿದ್ದರೆ ಅವಳು ಹಿಂದಿನದನ್ನೂ ಕೇಳುತ್ತಿದ್ದಳು. ಮಗಳು ನನ್ನ ಹಾಗಲ್ಲ.

ಆರನೆಯ ಸಲ ಅವರು ಏನೂ ಹೇಳಲಿಲ್ಲ. ಸಂಜೆ ಮೊಬೈಲು ನೋಡಿ ಅಂಗಳದಲ್ಲಿ ನಿಂತೇ ಇದ್ದರು. ನಾನು ಒಲೆಯ ಮುಂದೆ ಕೂತಿದ್ದೆ. ಮಾತಿಗೆ ಕಾದೆ. ರೊಟ್ಟಿ ಸೀದು ಹೊಗೆ ಬಂತು. ಅವರು ಒಳಗೆ ಬಂದು, ‘ನಾಳಿಗಿ ಉದಗೀರಕ್ಕ ಹೋಗೋಣು’ ಎಂದಷ್ಟೇ ಹೇಳಿದರು.

‘ಜುನೇ ರಿಪೋರ್ಟ್ ಕುಠೇ ಆಹೇತ?’ ಹಳೆಯ ರಿಪೋರ್ಟುಗಳೆಲ್ಲಿ ಎಂದು ಡಾಕ್ಟರಮ್ಮ ಕೇಳಿದರು. ಗಂಡ ಮೊಬೈಲು ಕೊಟ್ಟರು. ಕುರಿಗಳ ಫೋಟೋ, ಟಗರಿನ ಫೋಟೋ, ಭಾಗ್ಯಾಳ ಮದುವೆಯ ಫೋಟೋಗಳ ನಡುವಿನಿಂದ ಅವರು ಒಂದೊಂದಾಗಿ ರಿಪೋರ್ಟು ಹುಡುಕಿ ತೆಗೆದು, ಬಿಳಿ ಹಾಳೆಯ ಮೇಲೆ ಸಾಲಾಗಿ ಬರೆದರು. ಒಂದು ಪಾಯಿಂಟ್ ಆರು. ಎರಡು ಪಾಯಿಂಟ್ ಎರಡು. ಎರಡು ಪಾಯಿಂಟ್ ಒಂಬತ್ತು. ಮೂರು ಪಾಯಿಂಟ್ ಏಳು. ನಾಲ್ಕು ಪಾಯಿಂಟ್ ಐದು. ಕೊನೆಗೆ ಒಂಬತ್ತು. ಬರೆದು, ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಐದರೊಳಗೆ ಇತ್ತೇ ಇಲ್ಲವೇ ಎಂದಷ್ಟೇ ನೋಡಿದರೆ ಸಾಲದು, ಅದು ಯಾವ ಕಡೆಗೆ ನಡೆಯುತ್ತಿದೆ ಎಂದು ನೋಡಬೇಕು, ಅದಕ್ಕೇ ಪ್ರತಿ ಸಲ ತಗೊಂಡು ಬನ್ನಿ ಅಂದದ್ದು ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗಂಡ ಆ ಹಾಳೆಯ ಮೇಲೆ ಬೆರಳಿಟ್ಟು ಎರಡನೆಯ ಅಂಕಿಯಿಂದ ಐದನೆಯದರ ತನಕ ಮೆಲ್ಲಗೆ ಎಳೆದರು. ಡಾಕ್ಟರ ಹತ್ತಿರ ಯಾವಾಗಲೂ ಮರಾಠಿಯಲ್ಲೇ ಮಾತಾಡುವವರು, ಅಂದು ಕನ್ನಡದಲ್ಲಿ ಹೇಳಿದರು. ‘ಕುರಿ ಒಮ್ಮಿಗೆ ಬೀಳಂಗಿಲ್ರಿ ಡಾಕ್ಟರ್‌ಬಾಯಿ. ದಿನಾ ಒಂದೊಂದ ಹೆಜ್ಜಿ ಹಿಂದ ಉಳೀತದ. ಹಿಂದ ಉಳಿಯೋ ಕುರಿ ನನಗ ಗೊತ್ತಾಗ್ತದರಿ. ಇದು ಗೊತ್ತಾಗ್ಲಿಲ್ಲ.’

ಏನಂದರು ಎಂದು ಡಾಕ್ಟರಮ್ಮ ನನ್ನ ಮುಖ ನೋಡಿದರು. ಅದನ್ನು ಮರಾಠಿಯಲ್ಲಿ ಹೇಳಲು ನನ್ನ ಬಾಯಿ ಏಳಲಿಲ್ಲ.

ಸ್ಕ್ಯಾನಿನಲ್ಲಿ ಪಿತ್ತಜನಕಾಂಗದ ಮೇಲೆ ಚುಕ್ಕೆಗಳು ಕಂಡವು. ಒಂದೇ ಆಗಿದ್ದರೆ ಕತ್ತರಿಸಿ ತೆಗೆಯಬಹುದಿತ್ತಂತೆ, ನನಗೆ ನಾಲ್ಕಿದ್ದವು, ಎರಡೂ ಬದಿಗೆ ಹರಡಿದ್ದವು. ಗಂಡ ಔಷಧಿ ತರಲು ಹೊರಗೆ ಹೋದಾಗ ನಾನು ಡಾಕ್ಟರಮ್ಮನನ್ನು ಕೇಳಿದೆ, ನಾಲ್ಕನೆಯ ಸಲವೇ ಬಂದಿದ್ದರೆ? ಅವರು ‘ಕದಾಚಿತ್’ ಎಂದರು. ಒಂದು ವೇಳೆ ಆಗಬಹುದಿತ್ತು, ಆಗದೆಯೂ ಇರಬಹುದಿತ್ತು. ಆ ಒಂದು ಮಾತನ್ನು ನಾನು ಗಂಡನಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಇನ್ನು ಬರೆಯಲು ನನಗೆ ಕಷ್ಟವಾಗುವ ಭಾಗ. ಊರಿಗೆ ಮರಳಿದ ಸಂಜೆ, ಅವರು ನನಗೆ ನೀರು ತಂದುಕೊಟ್ಟರು. ನಾನು ಲೋಟ ಮುಟ್ಟದೆ ಹೇಳಿದೆ, ‘ಕುಂಟೋ ಕುರಿ ನಾಕ ದಿನ ಮೊದಲ ಗುರುತ ಹಿಡೀತೀರಿ. ನಾ ನಾಕ ಸಲ ಕುಂಟೀನಿ, ನಿಮ್ಮ ಕಣ್ಣಿಗಿ ಕಾಣಲಿಲ್ಲ.’

‘ನೀನೇ ಹೇಳಿದ್ದಿ, ನಂಬರ ಹೇಳಬ್ಯಾಡ ಅಂತ’ ಎಂದು ಅವರು ಅನ್ನಬಹುದಿತ್ತು. ಅನ್ನುವುದು ನ್ಯಾಯವೂ ಆಗಿತ್ತು. ನಾನೇ ಕಣ್ಣು ಮುಚ್ಚಿಕೊಂಡು ಅವರ ಕೈಗೆ ಕೋಲಿನ ತುದಿ ಕೊಟ್ಟು ನಡೆಸಿರಿ ಎಂದವಳು. ಅವರು ಲೋಟವನ್ನು ನನ್ನ ಪಕ್ಕದಲ್ಲಿಟ್ಟು ಹಟ್ಟಿಗೆ ಹೋದರು. ಕುರಿಗಳು ಒಳಗೆ ಹೋದವು. ಅತ್ತೆ ಎಂದಿನಂತೆ ಕೇಳಿದರು, ‘ಬರೋಬರ್ ಅವ ಏನೋ?’

‘ಗೊತ್ತಿಲ್ಲ ಯವ್ವಾ’ ಎಂದರು ಅವರು.

ಮೂವತ್ತು ವರ್ಷದಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಅತ್ತೆ ಕಂದೀಲು ತಗೊಂಡು ಹೊರಗೆ ಹೋದರು. ಒಂದು ಮರಿ ಹಳ್ಳದ ಬದಿಯಲ್ಲಿ ಉಳಿದುಬಿಟ್ಟಿತ್ತು, ಅತ್ತೆಯೇ ಎತ್ತಿಕೊಂಡು ಬಂದರು. ನಾನು ಆ ನೀರನ್ನು ಕುಡಿದೆ, ಅಳುತ್ತಾ ಕುಡಿದೆ. ಕ್ಷಮಿಸಿ ಎಂದು ಕೇಳಲು ನನಗೆ ಇನ್ನೂ ಹದಿನೈದು ದಿನ ಬೇಕಾಯಿತು. ಕೇಳಿದಾಗ ಅವರು, ‘ಅದೇನ ಅಂತ ಹಚ್ಚಿದಿ, ಗುಳಗಿ ತಗೊಂಡಿ ಏನ?’ ಎಂದು ಮಾತು ತಿರುಗಿಸಿದರು.

ಮತ್ತೆ ಕೀಮೋ ಶುರುವಾಯಿತು, ಮತ್ತೆ ಕಂಬಳಿಯ ಕೈಗವಸು, ಮತ್ತೆ ನಿಲಂಗಾದ ಗಂಜಿ. ಕಾಯುವ ಕೋಣೆಯಲ್ಲಿ ಜಳಕೋಟದ ಅಕ್ಕ ಕಾಣಲಿಲ್ಲ. ಮೂರನೆಯ ಸಲ ಹೋದಾಗ ನರ್ಸಮ್ಮನನ್ನು ಕೇಳಿದೆ. ದೀಪಾವಳಿಗೆ ಮೊದಲೇ ಹೋದರು ಎಂದಳು. ಸುತಳಿಗೆ ಪೋಣಿಸಿಟ್ಟವರೂ ಹೋದರು. ಹಾಗಾಗಿ ಸರಿಯಾಗಿ ನೋಡಿಕೊಂಡರೆ ಬದುಕುತ್ತೀರಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಅವರು ಕಣ್ಣು ತೆರೆದುಕೊಂಡು ಹೋದರು, ತಮ್ಮದೇನೆಂದು ತಿಳಿದು ಹೋದರು. ಅಂದು ಉಮರ್ಗಾದಲ್ಲಿ ಬಸ್ಸಿಳಿದು ನಾನು ಒಂದು ಉಂಡೆ ಸುತಳಿ ಕೊಂಡೆ.

ಈಗ ನನ್ನ ರಿಪೋರ್ಟುಗಳು ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಮಗ್ಗುಲಲ್ಲಿ ತೂಗುತ್ತವೆ. ಪ್ರತಿ ಸಲ ಗಂಡನೇ ಉಮರ್ಗಾದಿಂದ ಕಾಗದ ತಂದು ಪೋಣಿಸುತ್ತಾರೆ. ನಂಬರು ಒಂಬತ್ತರಿಂದ ಏಳಕ್ಕಿಳಿಯಿತು, ಏಳರಿಂದ ನಾಲ್ಕೂವರೆಗೆ. ಇಳಿಯುವಾಗಲೆಲ್ಲ ಅವರು ಹಿಂದಿನದನ್ನೂ ಇಂದಿನದನ್ನೂ ನನಗೆ ಬಾಯಿಬಿಟ್ಟು ಹೇಳುತ್ತಿದ್ದರು. ಅತ್ತೆ ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಅವರೇ ಕೇಳುತ್ತಾರೆ, ‘ಇಳೀತೇನವ್ವಾ?’

ನಿಮ್ಮಲ್ಲಿ ಯಾರಾದರೂ ಈ ಮೂರು ತಿಂಗಳ ರಕ್ತಕ್ಕೆ ಹೆದರಿಕೊಂಡು ಕೂತಿದ್ದರೆ, ನಾನೂ ಕೂತಿದ್ದೆ, ಈಗಲೂ ಕೂತಿರುತ್ತೇನೆ. ಹೆದರಿಕೆ ಹೋಗುವುದಿಲ್ಲ. ಒಬ್ಬರೇ ನೋಡಲು ಧೈರ್ಯ ಸಾಲದಿದ್ದರೆ ಇಬ್ಬರು ಕೂತು ನೋಡಿ. ಹಿಂದಿನದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ನಂಬರು ಚೆನ್ನಾಗಿದ್ದರೂ ಡಾಕ್ಟರ ಹತ್ತಿರ ಹೋಗಿ.

ಹೋದ ತಿಂಗಳು ಮಧ್ಯಾಹ್ನದ ಹೊತ್ತು. ಶಾಲೆಯಲ್ಲಿ ಮಕ್ಕಳು ಖಿಚಡಿಗೆ ಸಾಲು ನಿಂತಿದ್ದರು. ಗಂಡ ಗೇಟಿನ ಹತ್ತಿರ ಬಂದು ನಿಂತದ್ದು ಕಂಡಿತು. ಶಾಲೆಗೆ ಬರುವವರಲ್ಲ ಅವರು. ಕೈಯಲ್ಲಿ ಮಡಿಚಿದ ಕಾಗದವಿತ್ತು. ನಾನು ಹೊರಗೆ ಹೋದೆ.

‘ಹೋದ ಸಲ ನಾಕೂವರಿ ಇತ್ತು’ ಎಂದರು. ‘ಈ ಸಲ ಎಂಟು ಬಂದದ.’

ಎಲ್ಲ ತಿಳಿದೂ ನನ್ನ ಹಳೆಯ ಹೆದರಿಕೆ ಬಾಯಿಗೆ ಬಂತು. ‘ಬರೋಬರ್ ಅದ ಅನ್ರಿ’ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು.

‘ಬರೋಬರ್ ಇಲ್ಲ’ ಎಂದರು.

ಆಮೇಲೆ ಮನೆಗೆ ಹೋಗಲಿಲ್ಲ. ಶಾಲೆ ಬಿಡುವ ತನಕ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಾನು ಒಳಗೆ ಹೋಗಿ ಉಳಿದ ಪಾಠ ಮುಗಿಸಿದೆ. ಸಂಜೆ ಇಬ್ಬರೂ ಒಟ್ಟಿಗೆ ನಡೆದು ಬಂದೆವು. ಹೊಸ ಔಷಧಿ ಒಂದಿದೆ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರಂತೆ, ಸೋಮವಾರ ಉದಗೀರಕ್ಕೆ ಹೋಗಬೇಕು ಎಂದು ದಾರಿಯಲ್ಲಿ ಮಾತಾಡಿಕೊಂಡೆವು. ಅದು ಹಿಡಿಯದಿದ್ದರೆ ಮುಂದೇನು ಎಂದು ನಾನು ಕೇಳಿದೆ. ಗೊತ್ತಿಲ್ಲ ಎಂದರು.

ಹಟ್ಟಿಯ ಬಾಗಿಲಲ್ಲಿ ಅಂದು ನಾನೂ ಅವರ ಪಕ್ಕದಲ್ಲಿ ನಿಂತೆ. ಕುರಿಗಳು ಬಂದವು. ಅವರು ಒಂದೊಂದರ ಬೆನ್ನ ಮೇಲೂ ಅಂಗೈ ಸವರಿ ಒಳಗೆ ಬಿಟ್ಟರು. ಕೊನೆಯದು ಹೋಯಿತು. ಮುಳ್ಳಿನ ಬಾಗಿಲು ಎಳೆಯುವ ಮೊದಲು, ಅದೇ ಅಂಗೈಯನ್ನು ನನ್ನ ಬೆನ್ನಿನ ಮೇಲಿಟ್ಟರು.

ಒಳಗಿನಿಂದ ಅತ್ತೆ ಕೇಳಿದರು, ‘ಬರೋಬರ್ ಅವ ಏನೋ?’

‘ಇವತ್ತಿಗಿ ಬರೋಬರ್ ಅದ ಯವ್ವಾ’ ಎಂದರು.